ಪಕ್ಕದ ಮನೆಗೆ ಒಲಿದ ಪ್ರಿಂಟರ್

ಕೇಳಿದವರು ನಂಬುವುದಿಲ್ಲ, ನಂಬಿದವರು ನಗುತ್ತಾರೆ. ಆದರೂ ಇದು ೨೦೧೫ರಲ್ಲಿ ಮುಂಬೈ ಪಕ್ಕದ ಡೊಂಬಿವಲಿಯ ಒಂದು ಸೊಸೈಟಿಯ ಮೂರನೇ ಮಹಡಿಯಲ್ಲಿ ನಡೆದದ್ದೇ.

ಉಡುಪಿ ಕಡೆಯ ಜಯಲತಾ ಸೊಸೈಟಿ ಕಮಿಟಿಯ ಚುನಾವಣೆಗೆ ನಿಲ್ಲುವುದೇ ಸೈ ಎಂದು ಹಟ ಹಿಡಿದಿದ್ದರು. ನಾಮಪತ್ರ ಸಂಜೆ ಆರರೊಳಗೆ ಸೆಕ್ರೆಟರಿಯ ಕೈ ಸೇರಬೇಕು. ಸೆಕ್ರೆಟರಿ ಎಂದರೆ ಪಕ್ಕದ ಮನೆಯ ಪೃಥ್ವಿರಾಜ್. ಊರಿನವರೇ, ತಾವೂ ಕಣದಲ್ಲಿದ್ದವರೇ. ಸೊಸೈಟಿಯ ಕಾಗದಪತ್ರವನ್ನೆಲ್ಲ ಮನೆಯಲ್ಲೇ ಪ್ರಿಂಟ್ ಮಾಡಿ ಕೊಡುತ್ತೇನೆ ಎಂದು ಜಯಲತಾ ಮೀಟಿಂಗಿನಲ್ಲಿ ಹೇಳಿದಾಗ, "ಮೊದ್ಲು ನಿಮ್ಮ ಮಿಷನ್ನಿಂದ ಒಂದು ಕಾಗದ ಹೊರಗೆ ಬರ್ಲಿ ಜಯಕ್ಕ, ಮತ್ತೆ ನೋಡುವ" ಎಂದು ಎಲ್ಲರೆದುರು ನಗಾಡಿದವರು ಈ ಪೃಥ್ವಿರಾಜರೇ.

ಈಗ ಗಂಟೆ ಐದು. ಹೊಸ ವೈಫೈ ಪ್ರಿಂಟರ್ ನೀಲಿ ದೀಪ ಉರಿಸಿಕೊಂಡು ಹಾಯಾಗಿತ್ತು. ಕಂಪ್ಯೂಟರಿನದು ಮಾತ್ರ ಒಂದೇ ರಾಗ: ಪ್ರಿಂಟರ್ ಆಫ್‌ಲೈನ್.

"ಮಮ್ಮಿ, ಛೋಡ್ ನಾ! ಸೈಬರ್ ಮೇ ದೋ ಮಿನಿಟ್ ಕಾ ಕಾಮ್ ಹೈ," ಎಂದಳು ಮಗಳು ಮಾನಸಿ.

"ಸೈಬರಿಗೆ ಹೋದ್ರೆ ಆ ಪಕ್ಕದ ಮನೆ ಜನ ಹೇಳಿದ್ದೇ ಸರಿ ಅಂತ ಆಗ್ತದೆ. ನನ್ನ ಕಾಗದ ನನ್ನ ಮನೆಯಿಂದ್ಲೇ ಹೊರಡ್ಬೇಕು."

ಪ್ರಿಂಟರನ್ನು ಆರಿಸಿ ಹಚ್ಚಿದರು. ಬೆಡ್‌ರೂಮಿನಿಂದ ಹಾಲಿಗೆ ಹೊತ್ತು ತಂದರು. ಕೊನೆಗೆ ಸಿಟ್ಟು ನೆತ್ತಿಗೇರಿ ರೂಟರಿನ ಪ್ಲಗ್ಗನ್ನೇ ಕಿತ್ತರು. ಆದರೂ ಪ್ರಿಂಟರಿನ ನೀಲಿ ದೀಪ ಕಣ್ಣು ಮಿಟುಕಿಸಲಿಲ್ಲ!

"ನಮ್ಮ ವೈಫೈ ಸತ್ತು ಬಿದ್ದಿದೆ. ಇದು ಯಾರ ಮನೆಯಲ್ಲಿ ಊಟ ಮಾಡ್ತಾ ಉಂಟು ಮಾರಾಯ್ತಿ?"

ಮಾನಸಿ ಮೊಬೈಲು ನೋಡಿದಳು. ರೂಟರ್ ಇಲ್ಲದೆಯೂ ಮನೆಯ ವೈಫೈ ಹೆಸರು 'ದೇವಿಪ್ರಸನ್ನ' ಅಲ್ಲಿ ಕಾಣುತ್ತಿತ್ತು. ಮದುವೆ ಕಾಗದವಾಗಲಿ, ಅಂಗಡಿ ಬಿಲ್ಲಾಗಲಿ, ಮೇಲ್ಗಡೆ ದೇವಿಯ ಹೆಸರು ಬರೆಯದೆ ಊರಿನವರ ಕೆಲಸ ಸುರುವಾಗುವುದಿಲ್ಲ. ಎರಡೂ ಮನೆಗೆ ನೆಟ್ ಜೋಡಿಸಿದ ಶೇಖರನೂ ಊರಿನವನೇ. ಎರಡಕ್ಕೂ ಅದೇ ಹೆಸರಿಟ್ಟು, ನೆನಪಿಗೆ ಸುಲಭವೆಂದು ಒಂದೇ ಪಾಸ್‌ವರ್ಡ್ ಕೊಟ್ಟಿದ್ದ. ಪೃಥ್ವಿರಾಜರ ರೂಟರ್ ಗೋಡೆಯಾಚೆಗೇ ಇತ್ತು. ಪ್ರಿಂಟರ್ ಅದನ್ನು ಹಿಡಿದುಕೊಂಡಿತ್ತು, ಕಂಪ್ಯೂಟರ್ ಅದನ್ನು ಹುಡುಕುತ್ತಿದ್ದದ್ದು ತಮ್ಮ ಮನೆಯ ರೂಟರಿನಲ್ಲಿ. ಹೆಸರು ಬದಲಿಸಲು ಶೇಖರನೇ ಬೇಕು, ಅವನ ಫೋನ್ ಸ್ವಿಚ್ ಆಫ್.

"ತೋ ಅಂಕಲ್ ಕಾ ನೆಟ್ ಯೂಸ್ ಕರೋ ನಾ."

"ಅವರ ವಿರುದ್ಧ ನಿಲ್ಲುವುದು ಅವರದೇ ನೆಟ್ಟಿನಲ್ಲಾ? ಸತ್ತರೂ ಇಲ್ಲ!"

ಜಯಲತಾ ತಮ್ಮ ರೂಟರಿಗೆ ಮತ್ತೆ ಪ್ಲಗ್ ಹಾಕಿದರು. ಮಗಳ ಮೊಬೈಲಿನಿಂದ ಪಕ್ಕದ ಮನೆಗೆ ಫೋನ್ ಹಚ್ಚಿ, ಹತ್ತು ನಿಮಿಷ ರೂಟರ್ ಆರಿಸಿಡುವಂತೆ ಹೇಳಲು ಮೂಗು ಹಿಡಿದು ಕಸ್ಟಮರ್ ಕೇರ್ ಹುಡುಗಿಯಾದರು.

"ನಮಸ್ಕಾರ್ ಸರ್, ಲೈನ್ ಟೆಸ್ಟಿಂಗ್ ಚಲ್ ರಹೀ ಹೈ. ಕೃಪಯಾ ಅಪ್ನಾ ರೂಟರ್ ದಸ್ ಮಿನಿಟ್ ಬಂದ್ ರಖಿಯೇ."

"ಅಭೀ? ಮ್ಯಾಚ್ ಚಾಲೂ ಹೈ ಮ್ಯಾಡಂ!" ಉತ್ತರ ಫೋನಿನಲ್ಲೂ ಬಂತು, ಗೋಡೆಯಿಂದಲೂ ಬಂತು.

"ಬಸ್ ದಸ್ ಮಿನಿಟ್, ಸರ್. ಔರ್ ಮೇರೀ ಸರ್ವಿಸ್ ಕೋ ದಸ್ ಮೇ ಸೇ ಕಿತ್ನೇ ನಂಬರ್ ದೇಂಗೇ?"

"ದಸ್, ದಸ್!" ಎಂದು ಅವರು ಗೊಣಗಿ ಫೋನಿಟ್ಟರು.

ಪ್ರಿಂಟರಿನ ನೀಲಿ ದೀಪ ಮಿಟುಕಿತು, ಆರಿತು, ಸ್ವಲ್ಪ ಹೊತ್ತಿಗೆ ಸ್ವಂತ ಮನೆಯ ವೈಫೈ ಹಿಡಿದು ಮತ್ತೆ ಹತ್ತಿತು. ಮರುಗಳಿಗೆಯಲ್ಲಿ ನಾಮಪತ್ರ ಗರಗರ ಹೊರಗೆ ಬಂತು.

ಆರಕ್ಕೆ ಎಂಟು ನಿಮಿಷವಿರುವಾಗ ಜಯಲತಾ ಬೆಲ್ ಒತ್ತಿದರು. ಪೃಥ್ವಿರಾಜ್ ಕಾಗದವನ್ನು ಹಿಂದೆ ಮುಂದೆ ತಿರುಗಿಸಿದರು. "ಎಲ್ಲಿ ತೆಗ್ಸಿದ್ದು ಜಯಕ್ಕ? ಸ್ಟೇಷನ್ ಹತ್ರದ ಸೈಬರಿನಲ್ಲಾ?"

"ನನ್ನ ಮನೆಯಲ್ಲಿ, ನನ್ನ ಮಿಷನ್ನಲ್ಲಿ," ಎಂದವರೇ ಜಯಲತಾ ಮೂಗು ಹಿಡಿದರು. "ರೂಟರ್ ಬಂದ್ ರಖ್ನೇ ಕೇ ಲಿಯೇ ಧನ್ಯವಾದ್, ಸರ್."

ಪೃಥ್ವಿರಾಜ್ ಹಣೆ ಚಚ್ಚಿಕೊಂಡರು. "ಅದು ನೀವಾ! ಹತ್ತಕ್ಕೆ ಹತ್ತು ಕೊಟ್ಟೆನಲ್ಲ ಮಾರಾಯ್ರೇ ನಾನು!"

"ಮೊದ್ಲು ಸಹಿ ಹಾಕಿ. ನಗಾಡುವುದು ಮತ್ತೆ."

ಅವರು ಸಹಿ ಹಾಕಿದರು, ೫.೫೪ ಎಂದು ಸಮಯವನ್ನೂ ಬರೆದರು. ಆಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡು ಎಂಥ ನಗು ನಕ್ಕರೆಂದರೆ, ಹಿಂದೆ ನಿಂತಿದ್ದ ಮಾನಸಿಯ ನಗು ಯಾರಿಗೂ ಕೇಳಿಸಲೇ ಇಲ್ಲ.