ಯಜಮಾನನ ಮೊದಲ ಸೌಟು

ಪು ಕೈಜುಂಗ್‌ನ ನಾಲಿಗೆ ಸತ್ತುಹೋಗಿದೆ ಎಂಬ ವಿಷಯ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬ ಅವನು, ಇನ್ನೊಬ್ಬಳು ನಾನು. ಊರಿಗೆಲ್ಲ ಆ ಹಾಳು ಸೋಂಕು ಬಂದಾಗ ಅವನೂ ಜ್ವರ ಹಿಡಿದು ಮಲಗಿದ್ದ. ಎದ್ದಾಗ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಬೇರೆಯವರಿಗೆಲ್ಲ ಸ್ವಲ್ಪ ದಿನಕ್ಕೆ ವಾಪಸ್ ಬಂತು, ಇವನಿಗೆ ಬರಲೇ ಇಲ್ಲ. ಚೊಂಗ್‌ಚಿಂಗ್‌ನ ಬೀದಿಬೀದಿಯಲ್ಲಿ, ಮೇಜಿನ ಮೇಲೇ ಕುದಿಯುವ ಖಾರದ ಸಾರಿನಲ್ಲಿ ಮಾಂಸ, ಸೊಪ್ಪು ಅದ್ದಿ ತಿನ್ನುವ ಹಾಟ್‌ಪಾಟ್ ಹೋಟೆಲು ತೆರೆದವನಿಗೆ ಸಾರಿನ ರುಚಿಯೇ ತಿಳಿಯುವುದಿಲ್ಲ ಎಂದರೆ ಜನ ಉಗಿಯುವುದಿಲ್ಲವೇ? ಅದಕ್ಕೇ ಮಸಾಲೆ ಹುರಿಯುವ ನನ್ನನ್ನು ಸದಾ ಪಕ್ಕದಲ್ಲಿಟ್ಟುಕೊಂಡ. ನಾನು ರುಚಿ ನೋಡಿ ಕಿವಿಯಲ್ಲಿ ಹೇಳುವುದು, ಅವನು ಅದನ್ನೇ ಗಟ್ಟಿಯಾಗಿ ಹೇಳುವುದು. “ಏನ್ರೋ, ಶುಂಠಿ ನಿಮ್ಮಪ್ಪ ಹಾಕ್ತಾನಾ?” ಎಂದು ಅವನು ಗದರಿದರೆ ಅಡುಗೆಯವರು ಬೆಚ್ಚಿಬಿದ್ದು, ಯಜಮಾನರ ನಾಲಿಗೆ ಅಂದರೆ ನಾಲಿಗೆ ಎಂದು ಮಾತಾಡಿಕೊಳ್ಳುತ್ತಿದ್ದರು.

ಇಂಥ ಚಾಕರಿ ಯಾಕೆ ಮಾಡಿದೆ ಅಂತ ಕೇಳಿದರೆ, ನನ್ನಮ್ಮನ ಹೆಸರಿಗಾಗಿ ಮಾಡಿದೆ.

ನನ್ನಮ್ಮ ರಾನ್ ಸುಯುನ್. ಜಿಯಾಲಿಂಗ್ ನದಿಗೆ ಇಳಿಯುವ ಮೆಟ್ಟಿಲುಗಳ ಪಕ್ಕದಲ್ಲಿ ಅವಳದೊಂದು ಪುಟ್ಟ ಅಂಗಡಿ ಇತ್ತು. ಹಡಗುಕಟ್ಟೆಯ ಹಮಾಲರಿಂದ ಹಿಡಿದು ಕಚೇರಿಯವರ ತನಕ ಎಲ್ಲರೂ ಬೆವರು ಒರೆಸಿಕೊಳ್ಳುತ್ತ ಅಲ್ಲಿ ತಿಂದವರೇ. ಕೈಜುಂಗ್ ಕೆಲಸ ಕೇಳಿಕೊಂಡು ಬಂದಾಗ ಅವನ ಚಪ್ಪಲಿ ಕಿತ್ತುಹೋಗಿತ್ತು. ಅಮ್ಮನ ಮುಂದೆ ಮಂಡಿಯೂರಿ, ಎರಡೂ ಕೈಯಲ್ಲಿ ಚಹಾ ಕೊಟ್ಟು, ಗುರುಗಳೇ ಎಂದ. ಅಮ್ಮ ಚಹಾ ಕುಡಿದಳು, ಅಂದರೆ ಶಿಷ್ಯನೆಂದು ಒಪ್ಪಿದಳು. ಬಾಣಲೆಯ ಮುಂದೆ ಅವನನ್ನು ಕಣ್ಣು ಮುಚ್ಚಿಸಿ ನಿಲ್ಲಿಸುತ್ತಿದ್ದಳು. ಮಸಾಲೆಯ ನೀರು ಆರಿದಾಗ ದನದ ಕೊಬ್ಬಿನ ಸದ್ದು ಬದಲಾಗುತ್ತದೆ, ಅದನ್ನು ಕಿವಿಯಲ್ಲೇ ಹಿಡಿಯಬೇಕು ಎನ್ನುತ್ತಿದ್ದಳು. ನನಗೆ ಕಲಿಸಿದ್ದಕ್ಕಿಂತ ಹೆಚ್ಚು ತಾಳ್ಮೆಯಿಂದ ಅವನಿಗೆ ಕಲಿಸಿದಳು, ಇದೂ ನನ್ನ ಹೊಟ್ಟೆಯುರಿಗೆ ಒಂದು ಕಾರಣ.

ಅಮ್ಮ ಸತ್ತಮೇಲೆ ಆ ಮಸಾಲೆಯಿಂದಲೇ ಅವನು ಮೇಲೆ ಬಂದ. ಬೋರ್ಡಿನ ಮೇಲೆ ಏನು ಬರೆಸಿದ ಗೊತ್ತೇ? ‘ಪು ಅಮ್ಮನ ಹಾಟ್‌ಪಾಟ್’. ಒಳಗೆ ತನ್ನ ಹೆತ್ತ ತಾಯಿಯ ಫೋಟೊ! ಆ ಹೆಂಗಸು ಬಸ್ ಡಿಪೊದಲ್ಲಿ ಟಿಕೆಟ್ ಹರಿಯುತ್ತಿದ್ದವಳು. ಒಂದು ಮೆಣಸಿನಕಾಯಿ ಕಡಿದರೆ ಹೊಟ್ಟೆ ಹಿಡಿದುಕೊಂಡು ಕೂರುತ್ತಿದ್ದವಳು.

ನಾನು ಜಗಳ ಮಾಡದೆ ಬಿಟ್ಟೆನೇ? ಕೂಗಾಡಿದೆ. ಅವನು ಕೈ ಹಿಡಿದುಕೊಂಡು ಮೆತ್ತಗೆ ಹೇಳಿದ: “ಅಕ್ಕಾ, ಹೆತ್ತ ತಾಯಿ ಅಂದ್ರೆ ಜನ ಕರಗ್ತಾರೆ. ಸ್ವಲ್ಪ ತಡಕೊ. ಹೊರದೇಶದಲ್ಲಿ ಮೊದಲ್ನೇ ಹೋಟೆಲ್ ತೆಗೆಯೋ ದಿನ ಗೋಡೆ ತುಂಬ ಗುರುಗಳ ಫೋಟೊ ಹಾಕಿಸ್ತೀನಿ, ಹೆಸರು ಸಮೇತ. ಗುರುಗಳ ಆಣೆ.” ನಾನು ಪೆದ್ದಿ, ನಂಬಿದೆ. ಅಮ್ಮನ ಒಂದೇ ಒಂದು ಒಳ್ಳೆಯ ಫೋಟೊ ಇತ್ತು, ಅದನ್ನೂ ಅವನ ಕೈಗೆ ಕೊಟ್ಟೆ.

ಹೊರದೇಶ ಎಂದರೆ ಸಿಂಗಾಪುರವಾಯಿತು. ಕೊಬ್ಬಿನಲ್ಲಿ ಹುರಿದು ಹೆಪ್ಪುಗಟ್ಟಿಸಿದ ನಮ್ಮ ಕಡೆಯ ಮಸಾಲೆಯ ಗಟ್ಟಿಗಳನ್ನು ಹಡಗಿನಲ್ಲಿ ತರಲು ಅನುಮತಿ ಸಿಗಲಿಲ್ಲ, ಎಲ್ಲವನ್ನೂ ಅಲ್ಲೇ ಹುರಿಯಬೇಕು. ಹಾಗಾಗಿ ನನ್ನನ್ನು ವಿಮಾನ ಹತ್ತಿಸಿದ. ಉದ್ಘಾಟನೆಯ ಬೆಳಿಗ್ಗೆ ನಾನು ಹೊಸ ಅಂಗಿ ತೊಟ್ಟು, ತಲೆ ಬಾಚಿಕೊಂಡು ಗೋಡೆ ನೋಡಲು ಹೋದೆ. ಆಳುಗಳು ಗೋಡೆಯ ಚಿತ್ರಕ್ಕೆ ಹೊದಿಸಿದ್ದ ಕಾಗದ ಬಿಚ್ಚುತ್ತಿದ್ದರು. ಮೊದಲು ಒಂದು ಸೌಟು ಕಂಡಿತು, ಆಮೇಲೆ ಕೈ, ಆಮೇಲೆ ಮುಖ. ಪು ಅಮ್ಮ! ಬದುಕಿನಲ್ಲಿ ಸೌಟು ಹಿಡಿಯದವಳ ಕೈಗೆ ಕಂಪ್ಯೂಟರಿನಲ್ಲಿ ಸೌಟು ಕೊಟ್ಟು, ಹಿಂದೆ ಹಬೆ ಬೇರೆ ಎಬ್ಬಿಸಿದ್ದರು.

ಕೈಜುಂಗ್ ಕನ್ನಡಿ ಮುಂದೆ ಟೈ ಕಟ್ಟಿಕೊಳ್ಳುತ್ತಿದ್ದ.

“ನನ್ನಮ್ಮ ಎಲ್ಲೋ?” ಎಂದೆ.

“ಅಕ್ಕಾ, ಇವತ್ತು ಬೇಡ ಮಾರಾಯ್ತಿ. ಪಾಲುದಾರರು ಒಪ್ಲಿಲ್ಲ. ಎರಡೆರಡು ಅಮ್ಮಂದಿರು ಆದ್ರೆ ಗಿರಾಕಿಗೆ ಗೊಂದಲ ಆಗುತ್ತಂತೆ. ಕೈ ತೊಳೆಯೋ ಜಾಗದ ಪಕ್ಕ ಒಂದು ಗೋಡೆ ಖಾಲಿ ಇದೆ, ಬೇಕಾದ್ರೆ ಅಲ್ಲಿ…”

“ಕೈ ತೊಳೆಯೋ ಜಾಗದಲ್ಲಿ!”

“ಸತ್ತವ್ರ ಫೋಟೊ ಎಲ್ಲಿ ಹಾಕಿದ್ರೇನು ಅಕ್ಕಾ? ಹೋಗು, ಮಸಾಲೆ ನೋಡು. ಜನ ಬರೋ ಹೊತ್ತಾಯ್ತು.”

ಮೈಯೆಲ್ಲ ಉರಿದುಹೋಯಿತು. ನೇರ ಅಡುಗೆಮನೆಗೆ ಹೋದೆ.

ಮೊದಲು ಬಂದ ಯೋಚನೆ ಎಲ್ಲವನ್ನೂ ಸುಟ್ಟುಬಿಡೋಣ ಎಂದು. ಒಲೆ ಜೋರು ಮಾಡಿ ಆ ಕಡೆ ತಿರುಗಿ ನಿಂತರೆ ಸಾಕು, ಮಸಾಲೆ ಸೀದು ಕಹಿಯಾಗಿ ಎಲ್ಲ ಮೇಜಿನವರೂ ಥೂ ಎಂದು ಎದ್ದುಹೋಗುತ್ತಾರೆ. ಕೈ ಒಲೆಯ ತಿರುಪಿನ ಮೇಲೆ ಹೋಗಿಯೇಬಿಟ್ಟಿತ್ತು. ಆದರೆ ಅಮ್ಮನ ಮಸಾಲೆಯನ್ನು ನಾನೇ ಸುಟ್ಟರೆ ಅವಮಾನ ಯಾರಿಗೆ? ಅವಳಿಗೇ ಅಲ್ಲವೇ? ಕೈ ಹಿಂದಕ್ಕೆ ತೆಗೆದೆ. ಗಿರಾಕಿಗಳ ಮೇಜಿಗೆ ಹೋಗುವ ಸಾರನ್ನು ಅಮ್ಮ ಎದುರಿಗೆ ನಿಂತಿದ್ದಾಳೆ ಎಂಬಂತೆ ಮಾಡಿದೆ.

ವೇದಿಕೆಯ ಮೇಲಿನ ತಾಮ್ರದ ಪಾತ್ರೆಗೆ ಮಾತ್ರ ಬೇರೆ ಅಡುಗೆ. ನಮ್ಮಲ್ಲಿ ಹೊಸ ಹೋಟೆಲು ತೆರೆದ ದಿನ ಯಜಮಾನನೇ ಮೊದಲ ಸೌಟು ಕುಡಿದು, ಚೆನ್ನಾಗಿದೆ ಎಂದಮೇಲೆಯೇ ಅತಿಥಿಗಳು ಊಟದ ಕಡ್ಡಿ ಎತ್ತುವುದು. ಆ ಪಾತ್ರೆಗೆ ಕೊಬ್ಬು ಹಾಕಿದೆ, ಬಿಸಿನೀರು ಹಾಕಿದೆ, ಕಣ್ಣು ಕುಕ್ಕುವಷ್ಟು ಕೆಂಪು ಮೆಣಸಿನಕಾಯಿ ಹಾಕಿದೆ. ರುಚಿ ಹೋದರೂ ಖಾರದ ಉರಿ ಅವನಿಗೆ ಗೊತ್ತಾಗುತ್ತಿತ್ತು, ಅದನ್ನು ತಪ್ಪಿಸುವಂತಿರಲಿಲ್ಲ. ಉಪ್ಪು ಒಂದು ಹರಳೂ ಹಾಕಲಿಲ್ಲ. ಬದಲಿಗೆ ಡಬ್ಬಿಯಲ್ಲಿದ್ದ ಕಲ್ಲುಸಕ್ಕರೆಯನ್ನೆಲ್ಲ ಸುರಿದು ಕರಗಿಸಿದೆ. ಮೇಲೆ ಅಂದಕ್ಕೆ ತುಟಿ ಮರಗಟ್ಟಿಸುವ ಜುಮ್ಮನಕಾಯಿ ಒಂದು ಹಿಡಿ ತೇಲಿಬಿಟ್ಟೆ. ನೋಡಲು ಮದುವಣಗಿತ್ತಿಯ ಹಾಗೆ ಕೆಂಪಗೆ ಹೊಳೆಯಿತು.

ಮಧ್ಯಾಹ್ನ ಸಭಾಂಗಣ ತುಂಬಿತು. ಕೈಜುಂಗ್ ಎಂದಿನಂತೆ ನನ್ನ ಮುಖ ನೋಡಿದ. ಚೆನ್ನಾಗಿದೆ ಎಂದು ತಲೆಯಾಡಿಸಿದೆ. ಅವನು ಸೌಟಿನಿಂದ ಬಟ್ಟಲಿಗೆ ಬಗ್ಗಿಸಿಕೊಂಡು ಕುಡಿದ, ಕಣ್ಣು ಮುಚ್ಚಿದ, ಬಾಯಿ ಚಪ್ಪರಿಸಿದ. ಎಲ್ಲರ ಫೋನೂ ಮೇಲೆದ್ದಿತ್ತು.

“ಇದು! ಇದೇ ನನ್ನ ಹೆತ್ತಮ್ಮನ ಕೈರುಚಿ!” ಎಂದು ಕಣ್ಣೊರೆಸಿಕೊಂಡ. ಚಪ್ಪಾಳೆಯೋ ಚಪ್ಪಾಳೆ.

ಎರಡನೆಯ ಬಟ್ಟಲನ್ನು ಮುಖ್ಯ ಅತಿಥಿಗೆ ಬಗ್ಗಿಸಿ ಕೊಟ್ಟ. ಆಕೆ ತು ಅಜ್ಜಿ, ನಮ್ಮ ಊರಿನಿಂದ ಸಿಂಗಾಪುರಕ್ಕೆ ಹೋಗಿ ನೆಲೆಸಿದವರ ಸಂಘದ ಅಧ್ಯಕ್ಷೆ. ಹಡಗುಕಟ್ಟೆಯ ಓಣಿಯಲ್ಲಿ ಹುಟ್ಟಿದ ಗಟ್ಟಿ ಮುದುಕಿ. ಒಂದು ಗುಟುಕು ಕುಡಿದಳು. ಬಾಯಿ ಅಲ್ಲಾಡದೆ ನಿಂತಿತು.

“ಪು ಅವ್ರೇ, ಇದಕ್ಕೆ ಏನು ಹಾಕಿದೀರಿ?”

“ನಮ್ಮಮ್ಮ ಹಾಕ್ತಿದ್ದಿದ್ದೇ ಅಜ್ಜಿ. ಒಂಚೂರೂ ಬದಲಾಯಿಸಿಲ್ಲ.”

“ಉಪ್ಪು?”

“ಹದವಾಗಿ ಬಿದ್ದಿದೆ, ಅಲ್ವಾ?” ಎಂದು ಅವನು ಇನ್ನೊಂದು ಬಟ್ಟಲು ಕುಡಿದ.

ಮುದುಕಿ ಬಟ್ಟಲು ಕುಕ್ಕಿದಳು. ಅಪ್ಪಟ ನಮ್ಮೂರಿನ ಬಾಯಿ ತೆರೆಯಿತು: “ನಿನ್ನ ಮುಖಕ್ಕಿಷ್ಟು ಬೆಂಕಿ ಹಾಕ! ಖಾರದ ಪಾಯಸ ಕಣೋ ಇದು! ನಾಲಿಗೆ ಮನೇಲಿ ಬಿಟ್ಟು ಬಂದಿದೀಯಾ?”

ಮೊದಲು ಯಾರೋ ಕಿಸಕ್ಕೆಂದರು. ಪಾಲುದಾರನೊಬ್ಬ ಎದ್ದು ಬಂದು ರುಚಿ ನೋಡಿ ಕರವಸ್ತ್ರಕ್ಕೆ ಉಗುಳಿದ. ಆಮೇಲೆ ನಗೆ ಇಡೀ ಸಭಾಂಗಣಕ್ಕೆ ಹಬ್ಬಿತು. ಕೈಜುಂಗ್ ಒಂದೊಂದೇ ಮುಖ ನೋಡುತ್ತ ಬಂದು ಕೊನೆಗೆ ನನ್ನನ್ನು ನೋಡಿದ. ಆಗ ಅವನಿಗೆ ತಿಳಿಯಿತು. ಆ ಮುಖ ನೋಡಿ ನನಗಾದ ಸಂತೋಷವನ್ನು ಯಾಕೆ ಮುಚ್ಚಿಡಲಿ? ಹಬ್ಬದೂಟ ಉಂಡಷ್ಟು ಹಿತವಾಯಿತು.

ವೇದಿಕೆ ಹತ್ತಿ ಅವನ ಕೈಯಿಂದ ಮೈಕು ತೆಗೆದುಕೊಂಡೆ.

“ಯಜಮಾನ್ರು ಸರಿಯಾಗೇ ಹೇಳಿದ್ರು. ಈ ಪಾತ್ರೇಲಿರೋದು ಅವರಮ್ಮನ ಅಡುಗೆ. ನಿಮ್ಮ ಮೇಜಿನ ಮೇಲೆ ಕುದೀತಿರೋದು ನಮ್ಮಮ್ಮಂದು. ಇವರಿಗೆ ವಿದ್ಯೆ ಕಲಿಸಿದವಳು ಅವಳೇ. ಅವಳ ಹೆಸರು ರಾನ್ ಸುಯುನ್. ತಿಂದು ನೋಡಿ.”

ತಿಂದರು. ತು ಅಜ್ಜಿ ಕಡ್ಡಿಯಲ್ಲಿ ಕರುಳಿನ ಚೂರು ಹಿಡಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟುಕೊಂಡವಳು, ಹಣೆಯಲ್ಲಿ ಬೆವರೊಡೆದು, ಮತ್ತೆ ಮತ್ತೆ ಅದ್ದಿದಳು. ಆಮೇಲೆ ನನ್ನ ಕೈ ಹಿಡಿದು, “ಏನಂದೆ ಮಗಳೇ ನಿಮ್ಮಮ್ಮನ ಹೆಸರು? ಇನ್ನೊಂದ್ಸಲ ಹೇಳು” ಎಂದಳು. ನಾನು ಹೇಳಿದೆ. ಪಕ್ಕದ ಮೇಜಿನವರೂ ಕೇಳಿದರು, ಅವರಿಗೂ ಹೇಳಿದೆ.

ಜನ ಇನ್ನೂ ಉಣ್ಣುತ್ತಿರುವಾಗಲೇ ಕೈಜುಂಗ್ ಅಡುಗೆಮನೆಗೆ ಬಂದ.

“ನನ್ನ ಮರ್ಯಾದೆ ತೆಗೆದೆಯಲ್ಲೇ ಅಕ್ಕಾ!”

“ಇದ್ರೆ ತಾನೇ ತೆಗೆಯೋದು?”

“ನಾಳೆಯಿಂದ ನನಗೆ ರುಚಿ ನೋಡೋರು ಯಾರು?”

“ಗೋಡೆ ಮೇಲೆ ಸೌಟು ಹಿಡ್ಕೊಂಡು ನಿಂತಿದಾಳಲ್ಲ, ಅವಳನ್ನೇ ಕೇಳು.”

ಅವನು ಬೈಯುತ್ತಾನೆ ಎಂದುಕೊಂಡೆ, ಬೈಯಲಿ ಎಂದೇ ಕಾದೆ. ಬೈಯಲಿಲ್ಲ. ಮೆಣಸಿನಕಾಯಿ ಮೂಟೆಯ ಮೇಲೆ ಕುಸಿದು ಕೂತ. ಟೈ ಸಡಿಲಿಸಿಕೊಂಡ.

“ಅಕ್ಕಾ,” ಎಂದ, “ಗುರುಗಳ ಸಾರಿನ ರುಚಿ ಹೇಗಿತ್ತು? ಅವರ ಮುಖ ನೆನಪಾಗುತ್ತೆ, ಬೈತಿದ್ದಿದ್ದು ನೆನಪಾಗುತ್ತೆ. ರುಚಿ ಮಾತ್ರ ಏನು ಮಾಡಿದ್ರೂ ಬರ್ತಿಲ್ಲ. ಒಂದ್ಸಲ ಹೇಳು. ಬಾಯಲ್ಲಿ ಹೇಳಿದ್ರೆ ಸಾಕು.”

ಹೇಳಲು ನನಗೆ ಬರುತ್ತಿತ್ತು. ಮೊದಲು ಕೊಬ್ಬಿನ ಕಂಪು ಹೇಗೆ ಬಾಯಿ ತುಂಬುತ್ತದೆ, ಅದರ ಬೆನ್ನಿಗೆ ಖಾರ ಹೇಗೆ ಏರುತ್ತದೆ, ತುಟಿ ಜುಮ್ಮೆಂದು ಮರಗಟ್ಟುವಾಗ ಗಂಟಲಿನ ಕೊನೆಯಲ್ಲಿ ಒಂದು ಸಣ್ಣ ಸಿಹಿ ಹೇಗೆ ಉಳಿಯುತ್ತದೆ, ಎಲ್ಲವೂ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಅವನು ಕಣ್ಣು ಮುಚ್ಚಿ, ತಲೆ ಬಗ್ಗಿಸಿ, ಕೇಳಲು ಕಾಯುತ್ತಿದ್ದ.

ನಾನು ಕೈ ತೊಳೆದುಕೊಂಡು, ಏಪ್ರನ್ ಬಿಚ್ಚಿ ಗೂಟಕ್ಕೆ ಹಾಕಿ, ಅವನಿಗೆ ಏನನ್ನೂ ಹೇಳದೆ ಹೊರಗೆ ಬಂದೆ.