ಸವತಿಯ ಮೊಟ್ಟೆಗಳು

ಮಣ್ಣು ಮಾಡಿ ಒಂಬತ್ತನೆಯ ದಿನ ಬೆಳಗ್ಗೆ ಬಚ್ಚಲಿಗೆ ಸರದಿ ಇರಲಿಲ್ಲ. ನೆಂಟರು ಹಿಂದಿನ ಸಂಜೆಯೇ ಗಂಟುಮೂಟೆ ಕಟ್ಟಿದ್ದರು. ಅಳಲು ಬಂದವರು ಅತ್ತು, ಉಣ್ಣಲು ಬಂದವರು ಉಂಡು, ಎರಡಕ್ಕೂ ಬಂದವರು ಎರಡನ್ನೂ ಮುಗಿಸಿಕೊಂಡು ಹೋಗಿದ್ದರು. ಮನೆಯಲ್ಲಿ ಉಳಿದವರು ಅತ್ತೆ, ಸೊಸೆ ಮತ್ತು ಸವತಿ.

ಸವತಿ ಎಂದರೆ ಇಗುವಾನಾ. ಮೂತಿಯಿಂದ ಬಾಲದ ತುದಿಯವರೆಗೆ ನಾಲ್ಕೂವರೆ ಅಡಿ ಉದ್ದದ ಹಸಿರು ಪ್ರಾಣಿ. ಬೆನ್ನುದ್ದಕ್ಕೂ ಬಾಚಣಿಗೆಯ ಹಲ್ಲು, ಗಲ್ಲದ ಕೆಳಗೆ ಜೋತುಬಿದ್ದ ಚರ್ಮ. ಒಂದೂವರೆ ವರ್ಷದ ಹಿಂದೆ, ಮದುವೆಯಾಗಿ ವರ್ಷ ತುಂಬಿದ ದಿನ, ಗಂಡ ಅದನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹೊತ್ತು ತಂದಿದ್ದ. ಬಾಗಿಲು ತೆಗೆದವಳು ಏನಿದು ಎಂದು ಕೇಳಿದಳು. ಅವನು ಒಂದು ಕ್ಷಣ ತಡೆದು, 'ನಿನಗೇ' ಎಂದ. ಹೆಂಡತಿಗೆ ಉಂಗುರ ತರುವವರನ್ನು ಕಂಡಿದ್ದೆ, ಉಡ ತರುವವನನ್ನು ಹೆತ್ತಿದ್ದೇನೆಂದು ಗೊತ್ತಿರಲಿಲ್ಲ ಎಂದು ಅತ್ತೆ ಹಣೆ ಚಚ್ಚಿಕೊಂಡಳು. ಮಾರನೆಯ ದಿನದಿಂದ 'ನಿನ್ನ ಸವತಿಗೆ ಊಟ ಆಯ್ತಾ?' ಎಂದು ಕೇಳತೊಡಗಿದಳು. ಹೆಸರು ಹಾಗೇ ನಿಂತಿತು.

ತಂದವನು ವಾರದೊಳಗೆ ಮರೆತ. ಪಡೆದವಳು ಸಾಕಿದಳು. ಬೆಳಗ್ಗೆ ಏಳಕ್ಕೆ ಗೂಡಿನ ದೀಪ ಹಾಕುವುದು, ಸೊಪ್ಪನ್ನು ಸಣ್ಣಗೆ ಹೆಚ್ಚುವುದು, ವಾರಕ್ಕೆರಡು ಸಲ ಉಗುರುಬೆಚ್ಚಗಿನ ನೀರಿನಲ್ಲಿ ಕೂರಿಸುವುದು, ಆಮೇಲೆ ಕಚೇರಿಗೆ ಓಡುವುದು. ಪ್ರಾಣಿಯ ಮೇಲೆ ಅವಳಿಗೆ ಅಂಥ ಪ್ರೀತಿಯೇನೂ ಇರಲಿಲ್ಲ. ಆದರೆ ಗಂಡ ಅವಳಿಗೆಂದು ತಂದ ವಸ್ತು ಅದೊಂದೇ ಆಗಿತ್ತು.

ಅವನು ಲಿಫ್ಟ್ ರಿಪೇರಿಯವನು. ಐದನೆಯ ಮಹಡಿಯಲ್ಲಿ ಬಾಗಿಲು ತೆರೆದುಕೊಂಡಿತ್ತು, ಲಿಫ್ಟ್ ಇರಲಿಲ್ಲ. ಅಷ್ಟೇ.

ದೀಪ ಹಾಕಿದಾಗ ನಿನ್ನೆಯ ಸೊಪ್ಪು ಹಾಗೇ ಇದ್ದುದು ಕಂಡಿತು. ಅದರಡಿಯಲ್ಲಿ ಮೊನ್ನೆಯದು, ಅದರಡಿಯಲ್ಲಿ ಕಪ್ಪಾದ ಅದಕ್ಕೂ ಹಿಂದಿನದು. ಸವತಿ ಕಣ್ಣು ಅರೆಮುಚ್ಚಿ ಬಿದ್ದುಕೊಂಡಿತ್ತು. ಬಾಲದ ಬುಡದಲ್ಲಿ ಮೂಳೆ ಎದ್ದು ಕಾಣುತ್ತಿತ್ತು. ಹೊಟ್ಟೆ ಮಾತ್ರ ಎರಡೂ ಪಕ್ಕಕ್ಕೆ ಉಬ್ಬಿ, ಹತ್ತಿ ತುರುಕಿದ ದಿಂಬಿನ ಹಾಗಾಗಿತ್ತು. ಎತ್ತಿಕೊಂಡರೆ ಹಿಂಗಾಲಿನ ಬೆರಳುಗಳು ಸಣ್ಣಗೆ ನಡುಗಿದವು. ಗೂಡಿನ ನೆಲಕ್ಕೆ ಯಾರೋ ದಪ್ಪ ಕಂಬಳಿ ಹಾಸಿದ್ದರು. ವಾರವಿಡೀ ಅದು ಮೂಲೆಯಲ್ಲಿ ಕೆರೆಯುತ್ತಿತ್ತಂತೆ. ಸಾವಿನ ಮನೆಯಲ್ಲಿ ಈ ಕರಕರ ಸದ್ದು ಬೇಡವೆಂದು ಗಂಡನ ಚಿಕ್ಕಮ್ಮ ಹಾಸಿದ್ದಳೆಂದು ಅತ್ತೆ ಹೇಳಿದಳು.

ಅತ್ತೆ ಗೂಡಿನ ಮುಂದೆ ಮಂಡಿಯೂರಿ ಕೂತು ಆ ಹೊಟ್ಟೆಯನ್ನೇ ನೋಡಿದಳು. ಐದನೆಯ ದಿನ ಅಡುಗೆಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಈ ತಿಂಗಳದ್ದು ಆಯಿತೇ ಎಂದು ಸೊಸೆಯನ್ನು ಕೇಳಿದ್ದಳು. ಇನ್ನೂ ಇಲ್ಲ ಎಂದಾಗ ಅವಳ ಮುಖದಲ್ಲಿ ಮೂಡಿದ್ದನ್ನು ನೋಡಲಾಗದೆ ಸೊಸೆ ಪಾತ್ರೆಯತ್ತ ತಿರುಗಿದ್ದಳು. ಆರನೆಯ ದಿನ ಆಗಿತ್ತು.

"ಆಗಬೇಕಾದವಳಿಗೆ ಆಗಲಿಲ್ಲ," ಎಂದಳು ಅತ್ತೆ, ಉಪ್ಪು ಕಮ್ಮಿಯಾಗಿದೆ ಎನ್ನುವ ದನಿಯಲ್ಲಿ. "ಇದಕ್ಕೆ ಆಗಿದೆ ನೋಡು."

"ಗಂಡು ಇಲ್ಲದೆ ಹೇಗೆ ಆಗುತ್ತೆ, ಅತ್ತೆ?"

"ಮೊಟ್ಟೆ ಇಡೋಕೆ ಕೋಳಿಗೆ ಹುಂಜ ಬೇಕಾ? ಅಷ್ಟು ಓದಿದೀಯ." ಮಂಡಿ ಹಿಡಿದುಕೊಂಡು ಎದ್ದಳು. "ಕರ್ಕೊಂಡು ಹೋಗು. ಅವನು ನಿನಗೆ ಅಂತ ತಂದದ್ದು. ಅದೂ ಹೋಗೋದು ಬೇಡ."

ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಪ್ರಾಣಿಗಳ ಆಸ್ಪತ್ರೆಯಲ್ಲಿ ಕೌಂಟರಿನವಳು ಪ್ರಾಣಿಯ ಹೆಸರು ಕೇಳಿದಳು.

"ಸವತಿ."

ಪೆನ್ನು ನಿಂತಿತು. ಕೌಂಟರಿನವಳು ತಲೆಯೆತ್ತಿ ನೋಡಿ, ನಗಬೇಕೋ ಬೇಡವೋ ತಿಳಿಯದೆ, ಬರೆದುಕೊಂಡಳು. ಆಮೇಲೆ ಫೋನ್ ನಂಬರು ಕೇಳಿದಳು; ಇವಳು ರೂಢಿಯಂತೆ ಗಂಡನದ್ದನ್ನು ಹೇಳಿದಾಗ, ಆ ನಂಬರಿನಲ್ಲಿ ಹಳೆಯ ಫೈಲೊಂದಿದೆ ಎಂದು ಹುಡುಕಲು ಒಳಗೆ ಹೋದಳು.

ಡಾಕ್ಟರಮ್ಮನ ಕೋಟಿನ ತುಂಬ ನಾಯಿಯ ಕೂದಲು. ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಚೀಲಕ್ಕೆ ನಿಂಬೆಹಣ್ಣು ತುಂಬಿದಂತೆ ಪಕ್ಕೆಲುಬಿನಿಂದ ಸೊಂಟದವರೆಗೆ ಬರೀ ಮೊಟ್ಟೆ. ಒಂದೂ ಮರಿಯಾಗುವುದಿಲ್ಲ, ಗಂಡಿನ ಸಂಗವಿಲ್ಲದ ಬರಡು ಮೊಟ್ಟೆ. ಆದರೂ ಹೊರಗೆ ಬರಲೇಬೇಕು. ಅದಕ್ಕೆ ಮಣ್ಣು ಬೇಕು, ಮೊಣಕೈ ಮುಳುಗುವಷ್ಟು ಒದ್ದೆ ಮಣ್ಣು.

"ಅಗೆಯೋಕೆ ಜಾಗ ಸಿಗದಿದ್ರೆ ಇವು ಹಿಡಿದಿಟ್ಟುಕೊಳ್ತವೆ," ಎಂದರು. "ಮೂಲೇಲಿ ಕೆರೀತಾ ಇತ್ತಾ?"

ಅವಳಿಗೆ ಕಂಬಳಿ ನೆನಪಾಯಿತು. ಹೌದು ಎಂದಳು.

ಕೆಳಗಿನ ಎರಡು ಮೊಟ್ಟೆ ಒಂದಕ್ಕೊಂದು ಅಂಟಿ ದಾರಿಗೆ ಅಡ್ಡ ಬಿದ್ದಿವೆ, ಈಗ ಹೆರಿಗೆ ನೋವು ಬರಿಸುವ ಇಂಜೆಕ್ಷನ್ ಕೊಟ್ಟರೆ ಮೊಟ್ಟೆಯ ನಾಳವೇ ಹರಿದುಹೋಗುತ್ತದೆ ಎಂದರು ಡಾಕ್ಟರಮ್ಮ. ಕೊಯ್ದು, ಮೊಟ್ಟೆಯ ಜೊತೆ ಅಂಡಾಶಯ, ನಾಳ ಎಲ್ಲ ತೆಗೆಯಬೇಕು, ಇವತ್ತೇ. ನಾಳೆಗೆ ಬಿಟ್ಟರೆ ಉಳಿಯುವ ಭರವಸೆಯಿಲ್ಲ. ಸಹಿ ಹಾಕಬೇಕಾದ ಕಾಗದವನ್ನು ಮುಂದಿಟ್ಟರು. ಅಷ್ಟರಲ್ಲಿ ಹಳೆಯ ಫೈಲೂ ಬಂತು. ತೆರೆದು ಓದಿದವರು ಕಾಗದವನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡರು.

"ಇದು ನಿಮ್ಮದಲ್ವಲ್ಲ?"

ಹಿಂದೊಮ್ಮೆ ಉಗುರು ಕಿತ್ತುಬಂದಾಗ ಗಂಡ ಇಲ್ಲಿಗೆ ತಂದಿದ್ದ. ಮದುವೆಗೆ ವರ್ಷ ತುಂಬಿದ ನಾಲ್ಕನೆಯ ದಿನ. ಬಲಕ್ಕೆ ವಾಲಿದ ಅವನ ಅಕ್ಷರವೇ. ಮಾಲೀಕರು ಎಂಬಲ್ಲಿ ಪೇಟೆ ಮೂಲೆಯ ಅಕ್ವೇರಿಯಂ ಅಂಗಡಿಯ ಹೆಸರು, ನಂಬರು. ತಂದವರು ಎಂಬಲ್ಲಿ ಅವನ ಹೆಸರು, ಪಕ್ಕದಲ್ಲಿ: ಎರಡು ತಿಂಗಳಿಗೆ ಇಟ್ಟುಕೊಂಡಿರುವವರು.

ಮಾಲೀಕರ ಒಪ್ಪಿಗೆಯಿಲ್ಲದೆ ತಾನು ಕತ್ತರಿ ಹಿಡಿಯುವುದಿಲ್ಲ ಎಂದರು ಡಾಕ್ಟರಮ್ಮ. ಇದರ ಸಂತಾನವೇ ಹೋಗುವ ಕೆಲಸ, ನಾಳೆ ಕೇಳಿದರೆ ಏನು ಹೇಳಲಿ.

ಅವಳು ಫೋನ್ ತೆಗೆದುಕೊಂಡು ಹೊರಗಿನ ಬೆಂಚಿಗೆ ಬಂದಳು. ಒಂದು ಕಡೆ ಸರಪಳಿ ಕಟ್ಟಿದ ನಾಯಿ, ಇನ್ನೊಂದು ಕಡೆ ಬುಟ್ಟಿಯಲ್ಲಿ ಬೆಕ್ಕು. ಅಂಗಡಿಯವನಿಗೆ ಸಾವಿನ ಸುದ್ದಿ ಗೊತ್ತಿತ್ತು. ಒಳ್ಳೆಯ ಮನುಷ್ಯ, ಕಟ್ಟಡದ ಲಿಫ್ಟ್ ನೋಡಲು ಬಂದಾಗಲೆಲ್ಲ ಅಂಗಡಿಗೆ ಬಂದು ಮೀನು ನೋಡುತ್ತ ನಿಲ್ಲುತ್ತಿದ್ದ ಎಂದು ನಾಲ್ಕು ಮಾತಾಡಿದ. ಇಗುವಾನಾದ ಮಾತು ಬಂದಾಗ ಅವನ ದನಿ ಬದಲಾಯಿತು. ಅಂಗಡಿಯ ಗಂಡು ಇಗುವಾನಾ ಇದನ್ನು ಕಚ್ಚುತ್ತಿತ್ತು, ಬೇರೆ ಇಡಲು ಜಾಗವಿರಲಿಲ್ಲ, ಅದಕ್ಕೆ ಎರಡು ತಿಂಗಳ ಮಟ್ಟಿಗೆ ಕೊಟ್ಟಿದ್ದನಂತೆ. ವಾಪಸು ಕೇಳಿದಾಗಲೆಲ್ಲ ಅವಳ ಗಂಡ ನಾಳೆ, ನಾಳೆ ಅನ್ನುತ್ತಿದ್ದನಂತೆ.

"ಹೋಗ್ತಾ ನೆನಪಾಯ್ತು ಅವರಿಗೆ, ಅವತ್ತು ಮದುವೆ ದಿನ ಅಂತ," ಎಂದ ಅಂಗಡಿಯವನು. "ಸದ್ಯ ಕೈಲಿ ಪೆಟ್ಟಿಗೆ ಇದೆ, ಬರಿಗೈಲಿ ಹೋಗೋದು ತಪ್ಪಿತು ಅಂತ ನಗ್ತಾ ಹೋದ್ರು."

ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. ಆಮೇಲೆ ಆಪರೇಷನ್ ವಿಷಯ ಹೇಳಿದಳು.

"ಬೇಡ ತಂಗಿ. ಮರಿ ಮಾಡಿಸೋಕೆ ಅಂತ ಇಟ್ಟಿರೋದು ನಾನು. ಅದನ್ನೇ ತೆಗೆಸಿದ್ರೆ ನನಗೆ ಅದು ಬರೀ ಹಲ್ಲಿ. ಇಂಜೆಕ್ಷನ್ ಕೊಡ್ಸಿ. ಇಟ್ರೆ ಇಡ್ತದೆ. ಇಲ್ಲ ಅಂದ್ರೆ ಅದರ ಹಣೆಬರಹ."

ಫೋನ್ ಇಟ್ಟು ಎದ್ದಳು. ಬೆಂಚಿನಿಂದ ಡಾಕ್ಟರಮ್ಮನ ಮೇಜಿಗೆ ಹದಿನೈದು ಹೆಜ್ಜೆ. ಏನಂದರು ಎಂದು ಅವರು ಕೇಳಿದರು.

"ಮಾಡಿಸಿ ಅಂದ್ರು. ನೀವೇ ಸಹಿ ಹಾಕಿ ಅಂದ್ರು."

ಯಾವ ತಡವರಿಕೆಯೂ ಇರಲಿಲ್ಲ. ಸುಳ್ಳು ಹೇಳುವುದು ಇಷ್ಟು ಸಲೀಸು ಎಂದು ಗೊತ್ತಿದ್ದರೆ ಗಂಡನ ಎಷ್ಟೋ ಮಾತನ್ನು ಅವಳು ಇನ್ನೊಮ್ಮೆ ಕೇಳಿಸಿಕೊಳ್ಳುತ್ತಿದ್ದಳು.

ಮಧ್ಯಾಹ್ನ ಮೂರಕ್ಕೆ ಸ್ಟೀಲ್ ತಟ್ಟೆಯೊಂದನ್ನು ತಂದು ತೋರಿಸಿದರು. ಮೂವತ್ತೇಳು. ಹಳದಿಗೆ ತಿರುಗಿದ, ತೊಗಲಿನಂಥ ಸಿಪ್ಪೆಯ ಮೊಟ್ಟೆಗಳು. ಅಂಟಿಕೊಂಡ ಎರಡು ಕಲ್ಲಾಗಿದ್ದವು. ಸವತಿ ಬದುಕಿತ್ತು.

ಹೊಲಿಗೆ ಒಣಗಲು ಆರು ವಾರ ಬೇಕು. ಮೊದಲ ಹತ್ತು ದಿನ ಅವಳು ಸೂಜಿಯಿಲ್ಲದ ಸಿರಿಂಜಿನಲ್ಲಿ ಅರೆದ ಸೊಪ್ಪನ್ನು ಬಾಯಿಗೆ ಹಿಂಡಿದಳು. ಬಾಯಿ ತೆರೆಸಲು ಅತ್ತೆ ತಲೆ ಹಿಡಿದುಕೊಂಡಳು. ಇದನ್ನು ಮುಟ್ಟಿದರೆ ಮೂರು ಸಲ ಕೈ ತೊಳೆಯುತ್ತಿದ್ದ ಹೆಂಗಸು ಅವಳು. ಅಕ್ಕಪಕ್ಕದವರು ಬಂದರೆ, ನನ್ನ ಮಗ ಹೆಂಡತಿಗೆ ಕೊಟ್ಟದ್ದು, ಹೆಂಡತಿ ಅಂದ್ರೆ ಜೀವ ಅವನಿಗೆ, ಎಂದು ಗೂಡು ತೋರಿಸುತ್ತಿದ್ದಳು. ಸೊಸೆ ಅಷ್ಟು ಹೊತ್ತು ಅಡುಗೆಮನೆಯಲ್ಲಿ ನೀರು ಬಿಟ್ಟುಕೊಂಡು ನಿಲ್ಲುತ್ತಿದ್ದಳು.

ಹನ್ನೊಂದನೆಯ ದಿನ ಸವತಿ ತಾನಾಗಿ ತಿಂದಿತು. ಮೂರನೆಯ ವಾರ ಅವಳು ಪೆಟ್ಟಿಗೆಗೆ ಟವೆಲ್ ಹಾಸಿದಳು. ಇದನ್ನು ಕೊಟ್ಟುಬರುತ್ತೇನೆ, ಅಕ್ವೇರಿಯಂ ಅಂಗಡಿಯವರು ಇಟ್ಟುಕೊಳ್ಳುತ್ತಾರೆ ಎಂದಳು.

ಅತ್ತೆಗೆ ನಂಬಿಕೆಯಾಗಲಿಲ್ಲ. "ಯಾಕೆ?"

ನಿಜ ನಾಲಿಗೆಯ ತುದಿಯವರೆಗೆ ಬಂದಿತ್ತು. ಅತ್ತೆಯ ಬೆರಳಿನಲ್ಲಿ ಸಿರಿಂಜಿನ ಹಸಿರು ಕಲೆ ಇನ್ನೂ ಇತ್ತು.

"ನನ್ನ ಕೈಲಾಗಲ್ಲ, ಅತ್ತೆ. ಕಚೇರಿ ಶುರುವಾಗುತ್ತೆ. ನೋಡ್ಕೊಳ್ಳೋರು ಯಾರು?"

"ನಾನು ಸತ್ತಿದೀನಾ?"

ಅವಳು ಪೆಟ್ಟಿಗೆ ಮುಚ್ಚಿದಳು. ಅತ್ತೆ ಬಾಗಿಲಿಗೆ ಬೆನ್ನು ಹಾಕಿ ಕೂತಳು.

"ಅವನು ಕೊಟ್ಟದ್ದನ್ನ ಅವನು ಹೋದಮೇಲೆ ತಿಂಗಳು ಇಟ್ಕೊಳ್ಳೋಕಾಗಲಿಲ್ಲ ನಿನಗೆ," ಎಂದಳು. "ಓದಿದವರ ಎದೆ ಓದದವರಿಗೆ ತಿಳಿಯಲ್ಲ ಬಿಡು."

ಅಂಗಡಿಯ ತುಂಬ ಪಂಪುಗಳ ಗುಳುಗುಳು. ಅಂಗಡಿಯವನು ಮುಚ್ಚಳ ತೆಗೆದು, ಸವತಿಯನ್ನು ಮಗುಚಿ, ಹೊಟ್ಟೆಯುದ್ದದ ಕಪ್ಪು ಹೊಲಿಗೆಯನ್ನು ನೋಡಿದ. ಬೆರಳಿನಿಂದ ಲೆಕ್ಕ ಹಾಕುವವನ ಹಾಗೆ ಒಂದೊಂದಾಗಿ ಮುಟ್ಟಿದ.

"ಬೇಡ ಅಂದಿದ್ದೆ ನಾನು."

"ಹೌದು."

"ಮತ್ತೆ?"

"ನೀವು ಒಪ್ಪಿದ್ರಿ ಅಂತ ಹೇಳಿ ಸಹಿ ಹಾಕಿದೆ. ಹೊಲಿಗೆ ಬಿಚ್ಚೋಕೆ ಇನ್ನು ಮೂರು ವಾರ ಇದೆ. ಚೀಟಿ ಒಳಗಿದೆ."

ಗಂಡ ಸತ್ತವಳ ಮೇಲೆ ಕೂಗುವುದು ಹೇಗೆ. ಕೊನೆಗೆ ಪೆಟ್ಟಿಗೆಯನ್ನು ಅವಳ ಕಡೆಗೆ ತಳ್ಳಿದ.

"ನನಗೇನು ಉಪಯೋಗ ಈಗ? ನೀವೇ ಇಟ್ಕೊಳ್ಳಿ. ಹೋಗ್ಲಿ, ನಾನೇ ಕೊಟ್ಟೆ ಅಂದ್ಕೊಳ್ಳಿ."

"ಬೇಡ," ಎಂದಳು. "ಅವರು ಎರವಲು ತಂದದ್ದು. ನಿಮ್ಮದು ನಿಮಗೆ ಸೇರಲಿ."

ಅವನು ಗೊಣಗುತ್ತಲೇ ಒಳಗೆ ಹೋಗಿ ಗೋಡೆಯ ಬಳಿಯ ದೊಡ್ಡ ಗಾಜಿನ ಗೂಡಿನ ಬಾಗಿಲು ಸರಿಸಿ, ದೀಪ ಹಾಕಿದ. ಅವಳು ಸವತಿಯನ್ನು ಎತ್ತಿಕೊಂಡಳು. ಮೂರು ವಾರದಲ್ಲಿ ಅದಕ್ಕೆ ಬಲ ಬಂದಿತ್ತು; ತೋಳನ್ನು ತಬ್ಬಿ, ಉಗುರುಗಳನ್ನು ಅಂಗಿಯ ಬಟ್ಟೆಗೆ ಇಳಿಸಿತು. ಎಳೆದರೆ ಹೊಲಿಗೆಗೆ ಪೆಟ್ಟಾಗುತ್ತದೆ. ಅಂಗಡಿಯವನು ಕೈಚಾಚಿ ಕಾಯುತ್ತ ನಿಂತ. ಅವಳು ತೋಳಿನಿಂದ ಒಂದೊಂದೇ ಉಗುರನ್ನು ಬಿಡಿಸತೊಡಗಿದಳು.