ಐದನೇ ಮಹಡಿಯ ಬಾಗಿಲು

ಫೋನು ನಡುಗುತ್ತಾ ಮೇಜಿನ ಮೇಲೆ ತಾನೇ ಸರಿದು ಕೆಂಪು ಪೆನ್ನಿಗೆ ತಾಗಿ ನಿಂತಿತು, ಚಿಕ್ಕಮ್ಮನೇ, ಬೆಳಗ್ಗಿನಿಂದ ಮೂರನೇ ಸಲ, ಅವಳು ಎತ್ತಲಿಲ್ಲ, ಎತ್ತಿದರೆ ಹೇಳಬೇಕಲ್ಲ — ಎದುರಿಗೆ ಸದಸ್ಯರ ಪಟ್ಟಿ, ಚಿಕ್ಕಮ್ಮನ ಹೌಸಿಂಗ್ ಸೊಸೈಟಿಯಿಂದ ಇವತ್ತಷ್ಟೇ ಬಂದದ್ದು, ಇಪ್ಪತ್ತು ಹೆಸರು, ಕೊನೆಯದು ಚಿಕ್ಕಮ್ಮನದು, ಮನೆ ಹಂಚುವುದು ಇದೇ ಕ್ರಮದಲ್ಲಿ, ಪಕ್ಕದಲ್ಲಿ ಹಳೆಯದನ್ನು ಕೆಡವಿ ಕಟ್ಟುವ ಹೊಸ ಕಟ್ಟಡದ ಪ್ಲಾನು, ಮನೆ ಹತ್ತೊಂಬತ್ತು. ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ, ಬೆರಳಿಟ್ಟು, ಬೆರಳಿಡದೆ, ಹೇಗೆ ಎಣಿಸಿದರೂ ಹತ್ತೊಂಬತ್ತೇ. ಕಟ್ಟಡಗಳ ಪ್ಲಾನು ಬರೆಯುವ ಈ ಆಫೀಸಿನಲ್ಲಿ ಅವಳಿಗೆ ಹದ್ದಿನ ಕಣ್ಣು ಅಂತಲೇ ಹೆಸರು, ಒಂದು ಹಾಳೆಯ ಕಿಟಕಿ ಇನ್ನೊಂದರಲ್ಲಿ ಅಂಗುಲ ಸರಿದಿದ್ದರೂ ಹಿಡಿಯುತ್ತಾಳೆ, ತಾಳೆ ನೋಡೋದ್ರಲ್ಲಿ ಇವಳದು ಎತ್ತಿದ ಕೈ ಕಣ್ರೀ ಎಂದು ಸಾಹೇಬರು ಹೊಗಳಿದ್ದೂ ಇದೇ ಪ್ಲಾನು ತಿದ್ದಿದ ದಿನ, ಅವಳು ಉಬ್ಬಿಹೋಗಿದ್ದಳು, ಆ ಜಂಬಕ್ಕೆ ಬೆಂಕಿ ಬೀಳಲಿ — ಹನ್ನೆರಡು ಹಾಳೆ, ಒಂದಕ್ಕೊಂದು ತಾಳೆ, ಒಟ್ಟು ಮನೆ ಹತ್ತೊಂಬತ್ತು, ಹಳೇ ಕಟ್ಟಡದಲ್ಲಿದ್ದದ್ದು ಎಷ್ಟು ಸಂಸಾರ ಎಂದು ನೆನೆಯುವ ಬುದ್ಧಿಯೇ ಬರಲಿಲ್ಲ. ಐದನೇ ಮಹಡಿಯ ಹಾಳೆಯಲ್ಲಿ ಮಾತ್ರ ಲಿಫ್ಟಿನ ಪಕ್ಕ ಒಂದು ಬಾಗಿಲು, ಪ್ಲಾನಿನಲ್ಲಿ ಬಾಗಿಲೆಂದರೆ ಒಂದು ಗೆರೆ, ಅದರ ತುದಿಯಿಂದ ತೆರೆಯುವ ದಿಕ್ಕಿಗೆ ಕಾಲು ವೃತ್ತ, ಹಿಂದೆ ಮನೆಯಿಲ್ಲ, ಸಭಾಂಗಣದ ಗೋಡೆ. ಬೇರಾವ ಹಾಳೆಯಲ್ಲೂ ಈ ಬಾಗಿಲಿಲ್ಲ, ತೆಗೆಯಿರಿ, ಎಂದು ಕೆಂಪಿನಲ್ಲಿ ಬರೆದವಳು ಅವಳೇ. ಈಗ ಹೊಳೆಯುತ್ತಿದೆ, ಮೊದಲ ಪ್ಲಾನಿನಲ್ಲಿ ಅಲ್ಲೊಂದು ಮನೆಯಿತ್ತು, ಸಭಾಂಗಣ ದೊಡ್ಡದಾಗಲೆಂದು ಯಾರೋ ಮನೆ ಅಳಿಸಿದರು, ಬಾಗಿಲು ಅಳಿಸಲು ಮರೆತರು, ಅವರ ಮರೆವನ್ನು ಇವಳು ತಿದ್ದಿಕೊಟ್ಟಳು.

ಹಳೇ ಕಟ್ಟಡದಲ್ಲಿ ಚಿಕ್ಕಮ್ಮನ ಬಾಗಿಲು ಮೆಟ್ಟಿಲ ಹಿಂದೆ, ಅಮ್ಮ ಹೋದ ಮೇಲೆ ಹತ್ತು ವರ್ಷ ಅವಳದೂ ಅದೇ ಬಾಗಿಲು, ಮಳೆಗೆ ಉಬ್ಬಿಕೊಂಡು ಒದ್ದರಷ್ಟೇ ತೆರೆಯುತ್ತಿತ್ತು, ಒದೀಬೇಡ ಕಣೇ, ಅದಕ್ಕೂ ವಯಸ್ಸಾಯ್ತು, ಎನ್ನುತ್ತಿದ್ದಳು ಚಿಕ್ಕಮ್ಮ — ಈಗ ಅಲ್ಲಿ ಗುಂಡಿ, ಕಬ್ಬಿಣದ ಕಂಬಿ. ಪಟ್ಟಿ ಕಂಡೊಡನೆ ಸಾಹೇಬರ ಬಳಿ ಓಡಿದ್ದಳು, ಅವರು ಕನ್ನಡಕ ಒರೆಸುತ್ತಲೇ ಇದ್ದರು, ಪ್ಲಾನು ಮಂಜೂರಾಗಿದೆಯಮ್ಮ, ಪಟ್ಟಿ ನೋಡೋದು ನಮ್ಮ ಕೆಲಸ ಅಲ್ಲ, ಹಾಳೆಗೆ ಹಾಳೆ ತಾಳೆ ಆಯ್ತಲ್ಲ, ಮತ್ತೆ ಮಂಜೂರಿಗೆ ಹಾಕಿದ್ರೆ ಒಂದು ವರ್ಷ, ಬಾಡಿಗೆ ಮನೇಲಿರೋ ಹತ್ತೊಂಬತ್ತು ಜನ ಒಪ್ತಾರಾ, ಅಲ್ದೆ ಇಪ್ಪತ್ತೂ ಜನದ ಸಹಿ ಇದೆ, ನಿಮ್ಮ ಚಿಕ್ಕಮ್ಮಂದೂ ಸೇರಿ. ಮತ್ತೆ ಫೋನು, ಪೆನ್ನು ಉರುಳಿತು, ಈ ಸಲ ಕೈ ತಾನೇ ಎತ್ತಿತು, ಲೇ, ಎಷ್ಟೊತ್ತೇ ನಿಂಗೆ, ಬಡಗಿ ಬಂದು ಕೂತಿದಾನೆ, ಚಪ್ಪಲಿ ಸ್ಟ್ಯಾಂಡಿಗೆ ಅಳತೆ ಬೇಕಂತೆ, ಹೊಸ ಮನೆ ಬಾಗಿಲು ಒಳಗೆ ತೆರೆಯುತ್ತೋ ಹೊರಗೋ, ನಾನೆಲ್ಲಿ ಪ್ಲಾನು ನೋಡಿದೀನಿ, ನೀನೇ ನೋಡಿದ್ದು ಅಂದ್ಮೇಲೆ ಕಣ್ಮುಚ್ಚಿ ಸಹಿ ಹಾಕ್ದೆ — ಹೇಳಬೇಕು, ಈಗಲೇ, ಒಳಗೆ, ಚಿಕ್ಕಮ್ಮ, ಎಡಕ್ಕೆ, ಎಂದುಬಿಟ್ಟಳು. ಹಾಗಾದ್ರೆ ಬಲಗಡೆ ಇಡಿಸ್ತೀನಿ, ಎಂದು ಚಿಕ್ಕಮ್ಮ ಖುಷಿಯಿಂದ ಫೋನಿಟ್ಟಳು, ಒಳಗೆ, ಎಡಕ್ಕೆ, ಒಂದು ಗೆರೆ, ತುದಿಯಿಂದ ಕಾಲು ವೃತ್ತ, ಪಕ್ಕದಲ್ಲಿ ಕೆಂಪಿನಲ್ಲಿ ತನ್ನದೇ ದುಂಡಗಿನ ಅಕ್ಷರ, ತೆಗೆಯಿರಿ, ಒಂದು ಗೆರೆ, ಕಾಲು ವೃತ್ತ, ತೆಗೆಯಿರಿ, ಕಾಲು ವೃತ್ತ